ಎಲೆ ಪ್ಲಾಸ್ಟಿಕ್ ಥರ ಕಾಣುತ್ತದೆ, ಕ್ರಾಪ್ ಮಾಡಿದರೆ ಹಕ್ಕಿ ಒಡೆಯುತ್ತದೆ. ಏನು ಮಾಡಲಿ?

ಪ್ರಶ್ನೆ: ಎಡಿಟ್ ಮಾಡಿದ ಮೇಲೆ ನನ್ನ ಫೋಟೊಗಳಲ್ಲಿ ಹಸಿರು ವಿಪರೀತ ಆಗುತ್ತಿದೆ. ಹಕ್ಕಿ ದೊಡ್ಡದಾಗಿ ಕಾಣಲಿ ಅಂತ ಕತ್ತರಿಸಿದರೆ ಚಿತ್ರ ಒಡೆಯುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಉತ್ತರ: ಸ್ಯಾಚುರೇಶನ್ ಜಾಸ್ತಿ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಅದು ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಏರಿಸುತ್ತದೆ. ವೈಬ್ರೆನ್ಸ್ ಹಾಗಲ್ಲ, ಆಗಲೇ ಗಾಢವಾಗಿರುವ ಬಣ್ಣವನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಾನಂತೂ ಇವೆರಡಕ್ಕೂ ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿದೂಗಿಸುವುದು) ನೋಡುತ್ತೇನೆ. ಮರದಡಿ ಕೂತ ಬಿಳಿ ಹಕ್ಕಿಯ ಮೈಮೇಲೆ ಎಲೆಗಳ ಹಸಿರು ಬಿದ್ದಿರುತ್ತದೆ. ವೈಟ್ ಬ್ಯಾಲೆನ್ಸ್‌ನಲ್ಲೇ ಇರುವ ಟಿಂಟ್ ಸ್ಲೈಡರನ್ನು ಸ್ವಲ್ಪ ಮೆಜೆಂಟಾ (ಹಸಿರಿಗೆ ಎದುರಾದ ನೇರಳೆಗೆಂಪು) ಕಡೆ ಸರಿಸಿದರೆ ಪುಕ್ಕ ತಿಳಿಯಾಗುತ್ತದೆ, ಎಲೆಗಳ ಹಸಿರೂ ತಗ್ಗುತ್ತದೆ. ಆದರೆ ಬೆಳಗಿನ ಎಳೆಬಿಸಿಲಿನ ಚಿತ್ರದಲ್ಲಿ ಬಿಳಿಯನ್ನು ಅಚ್ಚ ಬಿಳಿ ಮಾಡಲು ಹೋಗಬೇಡಿ. ಆ ಹೊಂಬಣ್ಣಕ್ಕೇ ಅಲ್ವಾ ಅಷ್ಟು ಬೇಗ ಎದ್ದು ಹೋಗಿದ್ದು?

ಆಮೇಲೂ ಹಸಿರು ಕಣ್ಣಿಗೆ ಹೊಡೆದರೆ ಅದೊಂದನ್ನೇ ಇಳಿಸಿ. ಜೊತೆಗೆ ಹಳದಿಯನ್ನೂ ನೋಡಿ. ನಮಗೆ ಹಸಿರಾಗಿ ಕಾಣುವ ಎಲೆಯ ಬಹುಪಾಲು ಸಾಫ್ಟ್‌ವೇರ್ ಲೆಕ್ಕದಲ್ಲಿ ಹಳದಿಗೇ ಸೇರಿರುತ್ತದೆ.

ಇದೆಲ್ಲ ರಾ ಫೈಲ್ (ಕ್ಯಾಮೆರಾ ಸೆನ್ಸರ್ ದಾಖಲಿಸಿದ ಕಚ್ಚಾ ಮಾಹಿತಿ) ಇದ್ದರೆ ಸುಲಭ. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಎಂಬ ಪ್ರತಿ ಬಣ್ಣದ ಚಾನೆಲ್‌ಗೆ 256 ಹಂತ ಮಾತ್ರ. 14 ಬಿಟ್ ರಾದಲ್ಲಿ 16,384, ಹಾಗಾಗಿ ಬಣ್ಣ ತಿದ್ದಲು ಹೆಚ್ಚು ಅವಕಾಶ.

ಇನ್ನೊಬ್ಬರು: ಕೆಂಪು ಹೂವಿದ್ದರೆ ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಬೆಳಕು-ಕತ್ತಲ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನೆಲ್ ಬೇರೆಯಾಗಿ ನೋಡಿ. ಒಟ್ಟು ಬೆಳಕು ಸರಿಯಿದ್ದರೂ ಕೆಂಪು ಮಾತ್ರ ತುಂಬಿಹೋಗಿ ಎಸಳಿನ ಗೆರೆಗಳು ಮಾಯವಾಗಿರುತ್ತವೆ.

ಮತ್ತೊಬ್ಬರು: ಕ್ರಾಪ್ ಬಗ್ಗೆ ಯಾರೂ ಹೇಳಲಿಲ್ಲ. ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್ ಚಿತ್ರ ಅಂದರೆ 6000 × 4000. ಉದ್ದ, ಅಗಲ ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು 12 ಅಲ್ಲ, 6 ಮೆಗಾಪಿಕ್ಸೆಲ್. ಫೋನಿನಲ್ಲಿ ನೋಡಲು ಧಾರಾಳ ಸಾಕು. 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಪ್ರಿಂಟ್ ಹಾಕಿಸಿದರೆ ಉದ್ದ 10 ಇಂಚು ಅಷ್ಟೇ. ಕ್ರಾಪ್ ಮಾಡಿದಷ್ಟೂ ನಾಯ್ಸ್ (ಮರಳಿನಂಥ ಚುಕ್ಕೆಗಳು) ಮತ್ತು ಕೈ ನಡುಕ ಎದ್ದು ಕಾಣುತ್ತವೆ. ಒಡೆದಂತೆ ಕಾಣುವುದು ಅದಕ್ಕೇ.

ಹಕ್ಕಿ ಫ್ರೇಮ್ ತುಂಬಲೇಬೇಕು ಅನ್ನುವ ಹಟ ಯಾಕೆ? ಕೂತ ಕೊಂಬೆ, ಹಿಂದಿನ ಮಂಜು ಇದ್ದರೆ ಅದು ಎಲ್ಲಿ ಬದುಕುತ್ತದೆ ಅಂತಲೂ ಗೊತ್ತಾಗುತ್ತದೆ. ಅದು ನೋಡುತ್ತಿರುವ ಕಡೆ ಜಾಗ ಬಿಡಿ. ಬಾಲದ ತುದಿ ಕತ್ತರಿಸಬೇಡಿ. ಕತ್ತರಿಸಲೇಬೇಕಿದ್ದರೆ ಧೈರ್ಯವಾಗಿ ಎದೆ ಮಟ್ಟಕ್ಕೆ ಕತ್ತರಿಸಿ, ಉಗುರು ಮಾತ್ರ ಹೋದರೆ ಕೈತಪ್ಪಿದಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಅಡ್ಡ ಬಂದ ಕಡ್ಡಿಯನ್ನು ಅಳಿಸಬಹುದಾ?

ಮತ್ತೊಬ್ಬರು: ನಿಮ್ಮ ಗೋಡೆಗಾದರೆ ಯಾರು ಕೇಳುತ್ತಾರೆ! ಸ್ಪರ್ಧೆಗಾದರೆ ಬೇಡ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್‌ನಲ್ಲಿ ಕ್ರಾಪ್‌ಗೆ ಅವಕಾಶವಿದೆ, ಚಿತ್ರದಲ್ಲಿರುವುದನ್ನು ತೆಗೆಯಲು, ಇಲ್ಲದ್ದನ್ನು ಸೇರಿಸಲು ಇಲ್ಲ. ಮುಂದಿನ ಹಂತಕ್ಕೆ ಬಂದರೆ ಮೂಲ ಫೈಲ್ ಕೇಳುತ್ತಾರೆ. ಹಾಗಾಗಿ ರಾ ಫೈಲ್ ಡಿಲೀಟ್ ಮಾಡಬೇಡಿ.