ತಮ್ಮನಿಗೆ ಜಾಮೀನು ಹಾಕಲ್ಲ ಅನ್ನೋಕೆ ಬಾಯೇ ಬರ್ತಿಲ್ಲ, ನಿದ್ದೆನೂ ಇಲ್ಲ. ಕೌನ್ಸೆಲರ್ ಯಾರಾದ್ರೂ ಇದ್ರೆ ಹೇಳಿ

ಪ್ರಶ್ನೆ (ಹೆಸರು ಬೇಡ):
ನಮಸ್ತೆ ಮೇಡಂ. ನಾನು ದಾವಣಗೆರೆಲಿ ಸರ್ಕಾರಿ ಶಾಲೆ ಟೀಚರ್, ತವರುಮನೆ ಚನ್ನಗಿರಿ ಕಡೆ. ತಮ್ಮ ಅಡಿಕೆ ತೋಟಕ್ಕೆ ಬೋರ್ ಕೊರೆಸ್ಬೇಕು ಅಂತ ಸೊಸೈಟಿಲಿ ಸಾಲ ಕೇಳಿದಾನೆ, ಅವ್ರು ಸರ್ಕಾರಿ ನೌಕರರ ಜಾಮೀನು ತನ್ನಿ ಅಂದಿದಾರೆ, ಅಂದ್ರೆ ನಾನೇ. ಹಿಂದೆ ಟ್ರ್ಯಾಕ್ಟರ್ ಸಾಲಕ್ಕೆ ನಮ್ಮ ಭಾವ ಸಹಿ ಹಾಕಿದ್ರು, ಇವನು ಕಂತು ಕಟ್ಲಿಲ್ಲ, ಈಗ ಭಾವನ ಸಂಬಳದಲ್ಲಿ ಕಟ್ ಆಗ್ತಿದೆ, ಅಕ್ಕ ತವರಿಗೆ ಬರೋದೇ ಬಿಟ್ಟಿದಾಳೆ. ನನಗೆ ಸಹಿ ಹಾಕೋಕೆ ಸುತಾರಾಂ ಇಷ್ಟ ಇಲ್ಲ. ಆದ್ರೆ ಅಮ್ಮ ಬೆಳಿಗ್ಗೆ ಡಬ್ಬಿ ಕಟ್ಟೋ ಹೊತ್ತಿಗೆ ಒಂದ್ಸಲ, ಬಿಸಿಯೂಟದ ಟೈಮಲ್ಲಿ ಒಂದ್ಸಲ, ರಾತ್ರಿ ಅಂತೂ ಕೇಳ್ಬೇಡಿ, ಫೋನ್ ಮಾಡಿ "ನಿನ್ನ ಡಿ.ಎಡ್ ಫೀಸು ಇದೇ ತೋಟದ ಅಡಿಕೆ ಮಾರಿ ಕಟ್ಟಿದ್ದು" ಅಂತಾಳೆ. ಸುಳ್ಳಲ್ಲ ಅದು. ಫೋನ್ ರಿಂಗ್ ಆದ್ರೆ ಎದೆ ಧಸಕ್ ಅನ್ನುತ್ತೆ, ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ, ಕ್ಲಾಸಲ್ಲಿ ಮಕ್ಕಳ ಮೇಲೆ ರೇಗ್ತೀನಿ. ಏನ್ಮಾಡ್ಲಿ?

ಉತ್ತರ (ಆಪ್ತಸಮಾಲೋಚಕಿ):
ಅಕ್ಕಾ, ಮೊದ್ಲು ಒಂದು ಮಾತು. ಅಡಿಕೆ ಮಾರಿ ಓದ್ಸಿದ್ದು ನಿಜ, ಅದರ ಋಣನೂ ನಿಜ, ಯಾರೂ ಇಲ್ಲ ಅಂತಿಲ್ಲ. ಆದ್ರೆ ಆ ಋಣ ತೀರ್ಸೋಕೆ ತಮ್ಮನ ಸಾಲದ ಪತ್ರನೇ ಬೇಕು ಅಂತ ಎಲ್ಲಿದೆ? ಅಮ್ಮನ ಔಷಧಿ, ಕಣ್ಣಿನ ಆಪರೇಷನ್ನು, ಹಬ್ಬಕ್ಕೆ ಸೀರೆ, ನಿಮಗೆ ಆಗೋದನ್ನ ನೀವು ಮಾಡ್ತಾನೇ ಇರ್ತೀರಿ. ಇವೆರಡನ್ನೂ ಸೇರ್ಸಿ ಮಾತಾಡಿದಾಗ ನಿಮಗೆ ಉಸಿರು ಕಟ್ಟುತ್ತೆ.

ಈಗ ಹೇಳೋದು ಹೇಗೆ. ನೀವು ಬಹುಶಃ ನೆಪ ಹುಡುಕ್ತಿದೀರಿ, ಹೆಡ್‌ಮಾಸ್ಟ್ರು ಸಂಬಳದ ಸರ್ಟಿಫಿಕೇಟ್ ಕೊಡಲ್ಲ ಅಂದ್ರು, ಆಗ್ಲೇ ನಂದೇ ಲೋನ್ ಇದೆ, ಹಿಂಗೆಲ್ಲ. ನೆಪ ಹೇಳಿದ ತಕ್ಷಣ ಅದಕ್ಕೊಂದು ಪರಿಹಾರ ರೆಡಿ ಇರುತ್ತೆ ನೋಡಿ, "ಹೆಡ್‌ಮಾಸ್ಟ್ರು ನಮ್ಮ ಕಡೆಯೋರೇ, ನಾನು ಮಾತಾಡ್ತೀನಿ ಬಿಡು" ಅಂತಾನೆ ತಮ್ಮ, ಆಮೇಲೆ ನಿಮ್ಮ ಹತ್ರ ಏನೂ ಉಳಿಯಲ್ಲ. ಅದಕ್ಕೆ ಕಾರಣ ಕೊಡ್ಲೇಬೇಡಿ. "ನಾನು ಯಾರ ಸಾಲಕ್ಕೂ ಜಾಮೀನು ಹಾಕಲ್ಲ ಅಂತ ತೀರ್ಮಾನ ಮಾಡಿದೀನಿ ಕಣೋ." ಇಷ್ಟೇ. ಎರಡನೇ ಸಲ ಕೇಳಿದ್ರೂ ಇದೇ, ಹತ್ತನೇ ಸಲಕ್ಕೂ ಇದೇ, ದನಿ ಏರ್ಸೋದು ಬೇಡ. ಅವನು ಒಪ್ಪಬೇಕು ಅಂತ ಕಾಯ್ಬೇಡಿ, ಒಪ್ಪಲ್ಲ ಅವನು. ಸಹಿ ಹಾಕೋ ಕೈ ನಿಮ್ದು, ಅಷ್ಟು ಸಾಕು.

ಇನ್ನೊಂದು, ನೀವು ಆಗಲ್ಲ ಅಂದ ಮೇಲೆ ಮೊದಮೊದ್ಲು ಒತ್ತಡ ಜಾಸ್ತಿನೇ ಆಗುತ್ತೆ. ಇಷ್ಟು ವರ್ಷ ಅತ್ತು ಕರೆದ್ರೆ ಕೆಲಸ ಆಗ್ತಿತ್ತಲ್ಲ, ಈಗ ಆಗ್ತಿಲ್ಲ ಅಂದ್ರೆ ಇನ್ನೂ ಜೋರಾಗಿ ಅಳ್ತಾರೆ, ಚಿಕ್ಕಪ್ಪನ ಕೈಲಿ ಫೋನ್ ಮಾಡಿಸ್ತಾರೆ. ಆಗ ಸೋತು ಸಹಿ ಹಾಕಿದ್ರೆ ಮುಂದಿನ ಸಲ ಅಲ್ಲಿಂದಲೇ ಶುರು ಆಗುತ್ತೆ. ನಿಮಗೂ ಪಾಪಪ್ರಜ್ಞೆ ಬರುತ್ತೆ, ರಾತ್ರಿ ಹೊಟ್ಟೆ ತೊಳಸಿದಂಗಾಗುತ್ತೆ. ಬರ್ಲಿ. ಬೇಜಾರಾಯ್ತು ಅಂದ ಮಾತ್ರಕ್ಕೆ ತಪ್ಪು ಮಾಡಿದೀರಿ ಅಂತ ಅಲ್ಲ.

ಕಾಮೆಂಟ್ (ನಿವೃತ್ತ ಬ್ಯಾಂಕ್ ನೌಕರ):
ಮೇಡಂ ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಜಾಮೀನು ಅಂದ್ರೆ ಬರೀ ಫಾರ್ಮಾಲಿಟಿ ಅಂತ ನಮ್ಮ ಜನ ತಿಳ್ಕೊಂಡಿದಾರೆ. 1872ರ ಕರಾರು ಕಾಯ್ದೆ 128ನೇ ಕಲಂ ನೋಡಿ, ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ ಸಾಲಗಾರನಿಗೆ ಎಷ್ಟು ಹೊಣೆನೋ ಜಾಮೀನುದಾರನಿಗೂ ಅಷ್ಟೇ. ಮೊದ್ಲು ತಮ್ಮನ ಹತ್ರ ವಸೂಲಿ ಮಾಡಿ ಆಮೇಲೆ ನನ್ನ ಹತ್ರ ಬನ್ನಿ ಅನ್ನೋಕಾಗಲ್ಲ. ಸಾಲ ಕೈ ಸೇರಿದ ಮೇಲೆ ಜಾಮೀನು ವಾಪಸ್ ತಗೋತೀನಿ ಅಂದ್ರೂ ನಡೆಯಲ್ಲ. ಸರ್ಕಾರಿ ಸಂಬಳದೋರೇ ಬೇಕು ಅಂತ ಯಾಕೆ ಕೇಳ್ತಾರೆ ಅಂದ್ಕೊಂಡ್ರಿ?

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್, ಭಾವನ ಕಥೆ ಈಗ ಅರ್ಥ ಆಯ್ತು. ಮೇಡಂ, ಅಮ್ಮನ ಫೋನಿಗೆ ಏನ್ಮಾಡ್ಲಿ? ಎತ್ತದೇ ಇದ್ರೆ ಅವಳಿಗೆ ಏನಾದ್ರೂ ಆಗಿದ್ರೆ ಅಂತ ಭಯ. ಭಾನುವಾರ ಊರಲ್ಲಿ ಗೃಹಪ್ರವೇಶ ಬೇರೆ ಇದೆ, ಎಲ್ಲರೂ ಸಿಗ್ತಾರೆ.

ಉತ್ತರ (ಆಪ್ತಸಮಾಲೋಚಕಿ):
ಅಮ್ಮನ ಜೊತೆ ಮಾತು ಬಿಡೋದು ಬೇಡ, ಟೈಮ್ ಮಾತ್ರ ನೀವು ಇಟ್ಕೊಳಿ. ಊಟ ಮುಗಿದ ಮೇಲೆ ನೀವೇ ಫೋನ್ ಮಾಡಿ, ದಿನಾ ಅದೇ ಹೊತ್ತಿಗೆ. ಮಂಡಿ ನೋವು, ಹಸು ಕರು, ಎಲ್ಲ ಕೇಳಿ. ಸಾಲದ ವಿಷಯ ಬಂದ್ರೆ "ಅದ್ರ ಬಗ್ಗೆ ಹೇಳಾಯ್ತಲ್ಲಮ್ಮ, ನಾಳೆ ಫೋನ್ ಮಾಡ್ತೀನಿ" ಅಂತ ಹೇಳಿ ಇಟ್ಬಿಡಿ. ಶಾಲೆ ಟೈಮಲ್ಲಿ ಸೈಲೆಂಟ್. ನಿಜವಾಗ್ಲೂ ಎಮರ್ಜೆನ್ಸಿ ಇದ್ರೆ ಪಕ್ಕದ ಮನೆಯವ್ರು ನಿಮ್ಮ ಯಜಮಾನ್ರಿಗೆ ಫೋನ್ ಮಾಡ್ಲಿ, ಆ ನಂಬರ್ ಇವತ್ತೇ ಕೊಡಿ, ಭಯ ಅರ್ಧ ಇಳಿಯುತ್ತೆ.

ನಿದ್ದೆ ವಿಷಯ ಹಗುರ ಮಾಡ್ಕೋಬೇಡಿ. ಎರಡು ವಾರ ದಾಟಿ ಹಿಂಗೇ ಇದ್ರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸ್ತಿದ್ರೆ ಜಿಲ್ಲಾಸ್ಪತ್ರೆಲಿ ಮನೋವೈದ್ಯರನ್ನ ನೋಡಿ, ಬಿಪಿ, ಥೈರಾಯ್ಡ್ ಕೂಡ ಚೆಕ್ ಮಾಡ್ಸಿ, ಎದೆ ಬಡಿತಕ್ಕೆ ಅದೂ ಕಾರಣ ಇರ್ಬಹುದು. ರಾತ್ರಿ ಮೂರಕ್ಕೆ ತಡ್ಕೊಳ್ಳೋಕಾಗ್ಲಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 2022ರಿಂದ ಇದೆ, ಇಪ್ಪತ್ನಾಲ್ಕು ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಗೃಹಪ್ರವೇಶಕ್ಕೆ ಹೋಗಿ, ತಪ್ಪಿಸ್ಕೊಂಡ್ರೆ ಅದೇ ದೊಡ್ಡ ಸುದ್ದಿ ಆಗುತ್ತೆ. ಆದ್ರೆ ಪಂಕ್ತಿಲಿ ಕೂತಾಗ ಈ ಮಾತು ತೆಗೆಯೋಕೆ ಬಿಡ್ಬೇಡಿ, ಭಾನುವಾರಕ್ಕೆ ಮುಂಚೆನೇ ತಮ್ಮನಿಗೆ ಫೋನಲ್ಲಿ ಹೇಳಿ ಮುಗಿಸಿ. ನೀವೇ ಹೇಳ್ಬೇಕು, ಯಜಮಾನ್ರ ಕೈಲಿ ಹೇಳಿಸ್ಬೇಡಿ, ಹೇಳಿಸಿದ್ರೆ "ಅಳಿಯಂದೇ ಕಿತಾಪತಿ" ಅಂತ ಅವರ ತಲೆಗೆ ಕಟ್ತಾರೆ.