ಅಪ್‌ಡೇಟ್: ಎಡಿಎಚ್‌ಡಿ ಮಾತ್ರೆ, ಒಣಗುವ ಬಾಯಿ, ಬಿಗಿಯುವ ದವಡೆ

ಎರಡು ತಿಂಗಳ ಹಿಂದೆ ಕೇಳಿದ್ದೆ: ಮೀಥೈಲ್‌ಫೆನಿಡೇಟ್ (ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆಗೆ ಕೊಡುವ ಉತ್ತೇಜಕ ಮಾತ್ರೆ) ಶುರು ಮಾಡಿದ ಮೇಲೆ ಬಾಯಿ ಒಣಗುತ್ತಿದೆ, ಗೊತ್ತಿಲ್ಲದೆ ಹಲ್ಲು ಕಚ್ಚಿ ಹಿಡಿದಿರುತ್ತೇನೆ, ಕೆನ್ನೆಯ ಒಳಭಾಗ ಕಚ್ಚಿ ಕಚ್ಚಿ ಹುಣ್ಣಾಗಿದೆ, ಮಾತ್ರೆ ಬಿಟ್ಟುಬಿಡಲಾ ಅಂತ. ಬಿಡಲಿಲ್ಲ. ಮೊದಲು ಡಾಕ್ಟರ್ ಹತ್ತಿರ ಮಾತಾಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಡಾಕ್ಟರ್ ಮೊದಲು ಕೇಳಿದ್ದೇ ಕಾಫಿ ಬಗ್ಗೆ. ದಿನಕ್ಕೆ 4 ಲೋಟ ಕುಡಿಯುತ್ತಿದ್ದೆ. ಕೆಫೀನ್ ಕೂಡ ಉತ್ತೇಜಕವೇ ಅಲ್ವಾ, ಎರಡೂ ಸೇರಿದರೆ ದವಡೆ ಬಿಗಿತ ಜಾಸ್ತಿ ಆಗಬಹುದಂತೆ. ಈಗ ಬೆಳಿಗ್ಗೆ 1 ಲೋಟ ಮಾತ್ರ. ಡೋಸ್ ಕೂಡ ಅವರೇ ಸ್ವಲ್ಪ ಇಳಿಸಿದರು. ಬಿಗಿತ ಅರ್ಧಕ್ಕರ್ಧ ಕಮ್ಮಿಯಾಗಿದೆ.

ಹಲ್ಲಿನ ಡಾಕ್ಟರ್ ಹೇಳಿದ್ದು ಕೇಳಿ ನಿಜಕ್ಕೂ ಹೆದರಿದೆ. ಬಾಯಲ್ಲಿ ಹುಟ್ಟುವ ಆಮ್ಲದ ತೀವ್ರತೆ ತಗ್ಗಿಸುವುದು ಜೊಲ್ಲು, ಅದೇ ಕಮ್ಮಿಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ನಾನು ನೋಡಿದರೆ ಒಣಗುತ್ತೆ ಅಂತ ದಿನವಿಡೀ ಸಕ್ಕರೆ ಪೆಪ್ಪರಮೆಂಟು ಚೀಪುತ್ತಿದ್ದೆ! ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಈಗ ಸಕ್ಕರೆ ಇಲ್ಲದ ಝೈಲಿಟಾಲ್ ಗಮ್ (ಝೈಲಿಟಾಲ್ ಅಂದರೆ ಹಲ್ಲು ಹುಳುಕಾಗಿಸದ ಸಿಹಿ; ಅದೂ 10 ನಿಮಿಷ ಅಷ್ಟೇ, ಜಾಸ್ತಿ ಅಗಿದರೆ ದವಡೆ ನೋಯುತ್ತದೆ), ಪಕ್ಕದಲ್ಲೇ ನೀರು, ಫ್ಲೋರೈಡ್ ಪೇಸ್ಟ್, ಆಲ್ಕೋಹಾಲ್ ಇಲ್ಲದ ಮೌತ್‌ವಾಶ್. ರಾತ್ರಿ ಹಲ್ಲು ಕಡಿಯುವುದಕ್ಕೆ ಅಳತೆ ತೆಗೆದು ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಮಾಡಿಕೊಟ್ಟಿದ್ದಾರೆ. ಮೊದಲ ವಾರ ಕಿರಿಕಿರಿ, ಆಮೇಲೆ ಅಭ್ಯಾಸವಾಯಿತು.

ತುಂಬಾ ಸಹಾಯ ಮಾಡಿದ್ದು ಒಂದು ಸಣ್ಣ ವಿಷಯ. ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಒಂದಕ್ಕೊಂದು ತಾಗದಿರಲಿ. ಗಂಟೆಗೊಮ್ಮೆ ಫೋನ್ ನೆನಪಿಸುತ್ತದೆ, ದವಡೆ ಸಡಿಲ ಬಿಡುತ್ತೇನೆ.

ಸಂಜೆ ಮಾತ್ರೆಯ ಪ್ರಭಾವ ಇಳಿಯುವಾಗ ಕೆನ್ನೆ ಕಚ್ಚುವುದು ಇನ್ನೂ ಪೂರ್ತಿ ನಿಂತಿಲ್ಲ. ಆದರೆ ಹುಣ್ಣು ವಾಸಿಯಾಗಿದೆ, ಕೆಲಸದಲ್ಲಿ ಗಮನವೂ ಉಳಿದಿದೆ. ಮುಂದಿನ ತಿಂಗಳು ಮತ್ತೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ.