ಮಿಯೋಸಿಸ್, ಲ್ಯಾಕ್ ಓಪೆರಾನ್ ಮಕ್ಕಳ ತಲೆಗೆ ಹತ್ತಿಸೋದು ಹೇಗೆ?

ಪ್ರಶ್ನೆ (ಪೋಷಕರು, ತುಮಕೂರು): ಮಗಳು ಸೆಕೆಂಡ್ ಪಿಯು. ಫಸ್ಟ್ ಪಿಯುನ ಮಿಯೋಸಿಸ್ಸೇ (ಗ್ಯಾಮೀಟ್, ಅಂದ್ರೆ ಅಂಡ, ವೀರ್ಯಾಣುಗಳಿಗಾಗಿ ಆಗೋ ಕೋಶ ವಿಭಜನೆ) ಗಟ್ಟಿಯಾಗಿಲ್ಲ, ಈಗ ಜೆನೆಟಿಕ್ಸ್, ಲ್ಯಾಕ್ ಓಪೆರಾನ್ (ಬ್ಯಾಕ್ಟೀರಿಯಾದಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನ ಬಳಸೋಕೆ ಇರೋ ಜೀನ್‌ಗಳ ಗುಂಪು) ಬಂದಿದೆ. ಓದಿದಾಗ ಅರ್ಥ ಆಯ್ತು ಅಂತಾಳೆ, ತಿರುಚಿ ಕೇಳಿದ್ರೆ ತಪ್ಪುತ್ತೆ. ದಿನಕ್ಕೆ ಒಂದು ಗಂಟೆ ಕೊಡಬಹುದು. ಗೊತ್ತಿದ್ದವರು ಹೇಳಿ. (ಉತ್ತರ ಕೊಟ್ಟವರು ಅಡ್ಡಹೆಸರಿನಲ್ಲಿ ಬರೆದಿದ್ದಾರೆ.)

ಉಲ್ಲನ್ ದಾರ: ಪುಸ್ತಕ ಮುಚ್ಚಿಡಿ, ಕೈಯಲ್ಲಿ ಮಾಡಿಸಿ. ಕೆಂಪು ಉಲ್ಲನ್ ತಾಯಿಯದ್ದು, ನೀಲಿ ತಂದೆಯದ್ದು. ಪ್ರತಿ ಬಣ್ಣದಲ್ಲೂ 15 ಸೆಂ.ಮೀ.ನ ಎರಡು, 8 ಸೆಂ.ಮೀ.ನ ಎರಡು ತುಂಡು. ಒಟ್ಟು 8 ಕ್ರೊಮ್ಯಾಟಿಡ್ (ಕ್ರೋಮೋಸೋಮ್‌ನ ಒಂದೊಂದು ಎಳೆ), ಅಂದ್ರೆ ಎಸ್ ಹಂತ (ಡಿಎನ್‌ಎ ನಕಲಾಗೋ ಹಂತ) ಮುಗಿಸಿದ, 2n=4 (ಒಟ್ಟು 4 ಕ್ರೋಮೋಸೋಮ್) ಇರೋ ಜೀವಕೋಶ. ಸೆಂಟ್ರೋಮಿಯರ್‌ಗೆ (ಎರಡು ಕ್ರೊಮ್ಯಾಟಿಡ್ ಅಂಟಿರೋ ಜಾಗ) ರವಿಕೆಯ ಟಿಚ್ ಬಟನ್: ಒಂದೊಂದು ತುಂಡಿಗೆ ಅರ್ಧರ್ಧ ಹೊಲಿಯಿರಿ. ಒಂದೇ ಬಣ್ಣ, ಒಂದೇ ಉದ್ದದ ಎರಡನ್ನ ಒತ್ತಿದ್ರೆ ಒಂದು ಕ್ರೋಮೋಸೋಮ್, ಬಿಚ್ಚಿದ್ರೆ ಎರಡು. ಮಕ್ಕಳು ಎಡವೋದು ಎರಡು ಕಡೆ. ಅನಾಫೇಸ್ ಒಂದರಲ್ಲೇ (ಮಿಯೋಸಿಸ್‌ನ ಎರಡು ವಿಭಜನೆಗಳಲ್ಲಿ ಮೊದಲನೆಯದರ ಬೇರೆಯಾಗೋ ಹಂತ) ಟಿಚ್ ಬಿಚ್ಚಿಬಿಡ್ತಾರೆ. ಅಲ್ಲಿ ಬೇರೆಯಾಗೋದು ಕೆಂಪು-ನೀಲಿ ಜೋಡಿ, ಟಿಚ್ ಬಿಚ್ಚೋದು ಅನಾಫೇಸ್ ಎರಡರಲ್ಲಿ. ಇನ್ನೊಂದು, ಕ್ರಾಸಿಂಗ್ ಓವರ್‌ಗೆ (ತಾಯಿ, ತಂದೆಯ ಕ್ರೊಮ್ಯಾಟಿಡ್‌ಗಳು ತುಂಡು ಅದಲುಬದಲು ಮಾಡಿಕೊಳ್ಳೋದು) ಕೆಂಪಿನ ತುದಿ ಕತ್ತರಿಸಿ ಕೆಂಪಿಗೇ ಗಂಟು ಹಾಕ್ತಾರೆ. ಹಾಗಾದ್ರೆ ಹೊಸ ಜೋಡಣೆ ಹುಟ್ಟೋದೇ ಇಲ್ಲ. ಒಂದು ಕೆಂಪು, ಒಂದು ನೀಲಿ ಕ್ರೊಮ್ಯಾಟಿಡ್ ತುದಿ ಮಾತ್ರ ಬದಲಾಗಬೇಕು, ಉಳಿದೆರಡು ಹಾಗೇ ಇರಬೇಕು.

ಬೇರಿನ ತುದಿ: ಇದೆಲ್ಲ ಎಂಟನೇ ಕ್ಲಾಸಿನ ಪ್ರಾಜೆಕ್ಟು. ಹೊಲಿಯೋಕೇ ಆ ಒಂದು ಗಂಟೆ ಹೋಗುತ್ತೆ. ಪರೀಕ್ಷೆಯಲ್ಲಿ ಕೇಳೋದು ಸಂಖ್ಯೆ ಸ್ವಾಮಿ. ನಿಯಮ ಎರಡೇ: ಕ್ರೋಮೋಸೋಮ್ ಎಷ್ಟು ಅಂದ್ರೆ ಸೆಂಟ್ರೋಮಿಯರ್ ಎಣಿಸಿ, ಡಿಎನ್‌ಎ ಎಷ್ಟು ಅಂದ್ರೆ ಕ್ರೊಮ್ಯಾಟಿಡ್ ಎಣಿಸಿ. ಈರುಳ್ಳಿ ಬೇರಿನ ತುದಿ ತಗೊಳ್ಳಿ. ಜಿ1ನಲ್ಲಿ (ಎಸ್‌ಗೆ ಮುಂಚಿನ ಹಂತ) 16 ಕ್ರೋಮೋಸೋಮ್, ಡಿಎನ್‌ಎ 2C (C ಅಂದ್ರೆ ಒಂದು ಗ್ಯಾಮೀಟ್‌ನಲ್ಲಿರೋಷ್ಟು ಡಿಎನ್‌ಎ). ಎಸ್ ಆದ್ಮೇಲೂ 16, ಡಿಎನ್‌ಎ ಮಾತ್ರ 4C. ಮೈಟಾಸಿಸ್‌ನ (ದೇಹದ ಕೋಶಗಳ ಸಾಮಾನ್ಯ ವಿಭಜನೆ) ಅನಾಫೇಸ್‌ನಲ್ಲಿ 32. ಮಿಯೋಸಿಸ್ ಬೇರಿನಲ್ಲಿ ಆಗಲ್ಲ, ಹೂವಿನಲ್ಲಿ ಆಗುತ್ತೆ: ಅಲ್ಲಿ ಮಿಯೋಸಿಸ್ ಒಂದು ಮುಗಿದ ಮೇಲೆ ಪ್ರತಿ ಕೋಶದಲ್ಲಿ 8, ಆದ್ರೆ 2C. ಎರಡು ಮುಗಿದ್ರೆ 8, ಬರೀ C. ಈ ಪಟ್ಟಿಯನ್ನ ಮನುಷ್ಯನ 46ಕ್ಕೂ ಖಾಲಿ ಹಾಳೆಯಲ್ಲಿ ಬರೆಯೋಕೆ ಬಂದ್ರೆ ಸಾಕು.

ಉಲ್ಲನ್ ದಾರ: ಪಟ್ಟಿ ಬಾಯಿಪಾಠ ಮಾಡಿದ ಮಕ್ಕಳಿಗೆ "ಮಿಯೋಸಿಸ್ ಎರಡಕ್ಕೆ ಮುಂಚೆ ಎಸ್ ಹಂತ ಇದೆಯಾ" ಅಂತ ಕೇಳಿ ನೋಡಿ. ಅರ್ಧ ಜನ ಇದೆ ಅಂತಾರೆ. ಕೈಯಲ್ಲಿ ಮಾಡಿದವರು ಅನ್ನಲ್ಲ, ಹೊಸ ದಾರ ತಂದಿರೋದೇ ಇಲ್ವಲ್ಲ!

ಬೇರಿನ ತುದಿ: 8, 2C ಅಂತ ಬರೆದವನಿಗೆ ಮತ್ತೆ ಎಸ್ ಬೇಡ ಅಂತ ಪಟ್ಟಿಯೇ ಹೇಳುತ್ತೆ. ನೀವು ಪೂರ್ತಿ ಓದಿಲ್ಲ.

ಓಪೆರಾನ್: ನಿಮ್ಮ ಜಗಳದಲ್ಲಿ ಲ್ಯಾಕ್ ಓಪೆರಾನ್ ಮರೆತೇ ಹೋಯ್ತು. ಚಿತ್ರ ನೋಡಿ ನೆನಪಿಟ್ಟುಕೊಂಡ್ರೆ ಉಳಿಯಲ್ಲ, ಒಂದೊಂದೇ ಭಾಗ ಕೆಡಿಸಿ ಏನಾಗುತ್ತೆ ಅಂತ ಕೇಳಬೇಕು. i ಜೀನ್ ಕೆಟ್ರೆ? ರಿಪ್ರೆಸರ್ (i ಮಾಡೋ, ಓಪೆರಾನ್ ಆಫ್ ಇಡೋ ಪ್ರೋಟೀನು) ಇಲ್ಲ, ಲ್ಯಾಕ್ಟೋಸ್ ಇಲ್ಲದಿದ್ರೂ z, y, a (ಓಪೆರಾನ್‌ನ ಕೆಲಸದ ಪ್ರೋಟೀನು ಮಾಡೋ ಜೀನ್‌ಗಳು) ಓಡ್ತಾನೇ ಇರುತ್ತೆ. ಆಪರೇಟರ್ (ರಿಪ್ರೆಸರ್ ಕೂರೋ ಡಿಎನ್‌ಎ ಜಾಗ) ಕೆಟ್ಟು ರಿಪ್ರೆಸರ್ ಕೂರದಿದ್ರೆ? ಅದೇ ಫಲಿತಾಂಶ. ಈಗ ಒಳ್ಳೆಯ ಓಪೆರಾನ್ ಇರೋ ಇನ್ನೊಂದು ಡಿಎನ್‌ಎ ತುಂಡನ್ನ ಅದೇ ಬ್ಯಾಕ್ಟೀರಿಯಾದೊಳಗೆ ಇಡಿ. i ಕೆಟ್ಟಿದ್ದು ಸರಿಹೋಗುತ್ತೆ, ಯಾಕಂದ್ರೆ ರಿಪ್ರೆಸರ್ ಪ್ರೋಟೀನು, ಕೋಶದೊಳಗೆ ಎಲ್ಲಿ ಬೇಕಾದ್ರೂ ಹೋಗಿ ಕೂರುತ್ತೆ. ಆಪರೇಟರ್ ಕೆಟ್ಟಿದ್ದು ಸರಿಹೋಗಲ್ಲ, ಅದು ತನ್ನ ಪಕ್ಕದ ಜೀನ್‌ಗಳಿಗೆ ಮಾತ್ರ ಸಂಬಂಧಪಟ್ಟಿದ್ದು. ಇಷ್ಟು ಬಿಡಿಸಿದ ಹುಡುಗಿಗೆ ಓಪೆರಾನ್ ಕಲ್ಪನೆ ಕೊಟ್ಟ ವಿಜ್ಞಾನಿಗಳಾದ ಜೇಕಬ್, ಮೊನೋ ಮಾಡಿದ ಕೆಲಸದ ತಿರುಳೇ ಸಿಕ್ಕಿತು.

ಪಿಯು ಲೆಕ್ಚರರ್: ಆ ಎರಡನೇ ತುಂಡಿನ ಪ್ರಯೋಗ ಎನ್‌ಸಿಇಆರ್‌ಟಿ ಪುಸ್ತಕದಲ್ಲಿಲ್ಲ. ನೀಟ್‌ನಲ್ಲಿ ಬಯಾಲಜಿ 90 ಪ್ರಶ್ನೆ, ಸರಿಯಾದ್ರೆ 4, ತಪ್ಪಾದ್ರೆ ಮೈನಸ್ 1. ಅಂದ್ರೆ ಒಂದು ತಪ್ಪಿಗೆ 5 ಅಂಕದ ಅಂತರ. ಸಾಲು ಸಾಲು ಪುಸ್ತಕ ಓದಿಸಿ. ಗ್ಲೂಕೋಸ್, ಗ್ಯಾಲಕ್ಟೋಸ್ ಲ್ಯಾಕ್ ಓಪೆರಾನ್‌ಗೆ ಇಂಡ್ಯೂಸರ್ (ಆನ್ ಮಾಡೋ ವಸ್ತು) ಆಗಲ್ಲ ಅನ್ನೋ ಒಂದು ವಾಕ್ಯ ಬಿಟ್ಟವರು ಎಷ್ಟೋ ಜನ.

ಓಪೆರಾನ್: ಮೇಡಂ, ಹಾಗಾದ್ರೆ ನಿಮ್ಮ ಸಾಲಿನಿಂದಲೇ ಹೇಳಿ. ಲ್ಯಾಕ್ಟೋಸ್ ಒಳಗೆ ಬರೋಕೆ ಪರ್ಮಿಯೇಸ್ (y ಜೀನ್‌ನ ಪ್ರೋಟೀನು) ಬೇಕು, ಪರ್ಮಿಯೇಸ್ ಆಗೋಕೆ ಓಪೆರಾನ್ ಆನ್ ಆಗಬೇಕು, ಆನ್ ಆಗೋಕೆ ಲ್ಯಾಕ್ಟೋಸ್ ಒಳಗಿರಬೇಕು. ಮೊದಲ ಲ್ಯಾಕ್ಟೋಸ್ ಹೇಗೆ ಬಂತು?

ಪಿಯು ಲೆಕ್ಚರರ್: ಅದೂ ಪುಸ್ತಕದಲ್ಲೇ ಇದೆ ಸರ್, ತೆಗೆದು ನೋಡಿ. ಓಪೆರಾನ್ ಸದಾಕಾಲ ತೀರಾ ಕಡಿಮೆ ಮಟ್ಟದಲ್ಲಿ ಓಡ್ತಾನೇ ಇರುತ್ತೆ. ಆ ಚೂರು ಪರ್ಮಿಯೇಸ್ ಇಲ್ಲದಿದ್ರೆ ಲ್ಯಾಕ್ಟೋಸ್ ಒಳಗೇ ಬರಲ್ಲ.

ಓಪೆರಾನ್: ಅರ್ಧ ಉತ್ತರ. ರಿಪ್ರೆಸರ್‌ಗೆ ಅಂಟೋದು ಅಲೋಲ್ಯಾಕ್ಟೋಸ್. ಲ್ಯಾಕ್ಟೋಸ್‌ನಿಂದ ಅದನ್ನ ಮಾಡೋಕೆ ಒಂದಿಷ್ಟು ಬೀಟಾ-ಗ್ಯಾಲಕ್ಟೋಸಿಡೇಸ್ (z ಜೀನ್‌ನ ಕಿಣ್ವ) ಕೂಡ ಮೊದಲೇ ಇರಬೇಕು.

ಬೇರಿನ ತುದಿ: ಇದನ್ನ ಕೆಸಿಇಟಿಯಲ್ಲಿ ಯಾರು ಕೇಳ್ತಾರೆ?

ಓಪೆರಾನ್: ಮಗು ಕೇಳುತ್ತೆ. ಕೇಳಿದಾಗ ಹೇಳೋಕೆ ಬರಬೇಕು.

ಪೋಷಕರು, ತುಮಕೂರು: ಎಲ್ಲರಿಗೂ ವಂದನೆ. ಟಿಚ್ ಬಟನ್ ಮನೆಯಲ್ಲೇ ಇದೆ. ಕ್ರಾಸಿಂಗ್ ಓವರ್ ಆಗಿರೋ ಕ್ರೊಮ್ಯಾಟಿಡ್‌ಗಳು ಕೊನೆಗೆ ಎಷ್ಟು ಗ್ಯಾಮೀಟ್‌ಗೆ ಹೋಗುತ್ತೆ, ನಾಲ್ಕಕ್ಕೂನಾ?

ಉಲ್ಲನ್ ದಾರ: ಉದ್ದದ ಜೋಡಿಯಲ್ಲಿ ಒಂದೇ ಒಂದು ಕ್ರಾಸಿಂಗ್ ಓವರ್ ಆಗಿದ್ರೆ ಎರಡಕ್ಕೆ. ಉಳಿದೆರಡಕ್ಕೆ ಪೂರ್ತಿ ಕೆಂಪು ಒಂದು, ಪೂರ್ತಿ ನೀಲಿ ಒಂದು. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿ, ಅವಳೇ ಎಣಿಸಲಿ.